ಪೆಟ್ಲುಪ್ಪು ತಂದ ಮೇಷ್ಟ್ರು

ಮೊನ್ನೆ ಕೊಳ್ಳೇಗಾಲದ ಗೊಬ್ಬರದ ಅಂಗಡಿಯಲ್ಲಿ ಟೊಮೆಟೊ ಗಿಡಕ್ಕೆ ಸಿಂಪಡಿಸಲು ಏನಾದರೂ ಕೊಡಿ ಅಂದೆ. ಅಂಗಡಿಯವನು ಪೊಟ್ಟಣವೊಂದನ್ನು ಮುಂದಿಟ್ಟ. ಅಂಚು ಹರಿದು ಬಿಳಿ ಹರಳು ಮೇಜಿನ ಮೇಲೆ ಉದುರಿತ್ತು. ಪೊಟ್ಟಣದ ಮೇಲೆ ಪೊಟ್ಯಾಸಿಯಂ ನೈಟ್ರೇಟ್ ಎಂದಿತ್ತು. ನಮ್ಮ ಕಡೆಯ ಹಳಬರು ಪೆಟ್ಲುಪ್ಪು ಅನ್ನುವುದು ಇದನ್ನೇ. ಈಗ ಯಾರು ಬೇಕಾದರೂ ಕೊಂಡು ಸ್ಕೂಟರಿನ ಮುಂದಿಟ್ಟುಕೊಂಡು ಹೋಗಬಹುದು. ನನಗೆ ಮಾತ್ರ ಅದನ್ನು ಚೀಲಕ್ಕೆ ಹಾಕಿಕೊಳ್ಳಲು ಕೈ ಬರಲಿಲ್ಲ... ನಮ್ಮ ಕೆಮಿಸ್ಟ್ರಿ ಮೇಷ್ಟ್ರು ನೆನಪಾದರು.

ತೊಂಬತ್ತರ ದಶಕದ ಮಾತು. ನಾನು ಹನೂರಿನಲ್ಲಿ ಎರಡನೇ ಪಿಯುಸಿ ಓದುತ್ತಿದ್ದೆ. ಕಾಲೇಜಿನಲ್ಲಿ ಕೆಮಿಸ್ಟ್ರಿಗೆ ಮೇಷ್ಟ್ರೇ ಇರಲಿಲ್ಲ. ಸಿಇಟಿ ಪರೀಕ್ಷೆಯೋ ಹತ್ತಿರ ಬರುತ್ತಿತ್ತು. ಟ್ಯೂಷನ್ನಿಗೆ ಕೊಳ್ಳೇಗಾಲಕ್ಕೆ ಹೋಗೋಣವೆಂದರೆ ಮನೆಯಲ್ಲಿ ಕಳಿಸುತ್ತಿರಲಿಲ್ಲ. ಕಾಡುಗಳ್ಳನನ್ನು ಹಿಡಿಯಲು ಪೊಲೀಸರು ಬೀಡುಬಿಟ್ಟಿದ್ದ, ಕಾಡಿನ ಗಲಾಟೆಯ ಕಾಲ ಅದು. ದಾರಿಯುದ್ದಕ್ಕೂ ಚೆಕ್‌ಪೋಸ್ಟು, ಸಂಜೆಯಾದರೆ ಬಸ್ಸು ಬರುವುದೇ ಅನುಮಾನ. ಅಪ್ಪನ ಟೈಲರ್ ಅಂಗಡಿಗೆ ಪ್ಯಾಂಟು ಹೊಲಿಸಲು ಬಂದಿದ್ದ ಈ ಮೇಷ್ಟ್ರು, ಕೊಳ್ಳೇಗಾಲದ ಕಾಲೇಜಿನವರು, ಸಂಗತಿ ಕೇಳಿ, "ಮಕ್ಳು ಬರಕ್ಕಾಗಲ್ಲ ಅಂದ್ರೆ ನಾನೇ ಬತ್ತೀನಿ ಬುಡಿ" ಅಂದರಂತೆ. ಅಂದಿನಿಂದ ಪ್ರತಿ ಭಾನುವಾರ ಅಂಗಡಿಯ ಹಿಂದಿನ ಕೋಣೆಯಲ್ಲಿ ನಾಲ್ವರು ಹುಡುಗಿಯರಿಗೆ ಪಾಠ.

ಹೈಸ್ಕೂಲಿನವರೆಗೆ ಕನ್ನಡದಲ್ಲಿ ಓದಿದ ನಮಗೆ ಎಲೆಕ್ಟ್ರೋಕೆಮಿಸ್ಟ್ರಿ ಎಂಬ ಪದ ಕೇಳಿದರೇ ಎದೆ ಝಲ್ಲೆನ್ನುತ್ತಿತ್ತು. ಅವರು ಪುಸ್ತಕ ಮುಚ್ಚಿಸಿ ಎರಡು ಗಾಜಿನ ಲೋಟ ಇಟ್ಟರು. ಒಂದರಲ್ಲಿ ಮೈಲುತುತ್ತದ ನೀಲಿ ನೀರು, ಅದರೊಳಗೆ ತಾಮ್ರದ ಪಟ್ಟಿ. ಇನ್ನೊಂದರಲ್ಲಿ ಸತುವಿನ ಲವಣದ ನೀರು, ಸತುವಿನ ಪಟ್ಟಿ. ಎರಡೂ ಪಟ್ಟಿಗಳಿಗೆ ವೈರು ಸಿಕ್ಕಿಸಿ ಮೀಟರಿಗೆ ಜೋಡಿಸಿದರು. ಮುಳ್ಳು ಅಲುಗಲಿಲ್ಲ. ಆಮೇಲೆ ಉಪ್ಪುನೀರಲ್ಲಿ ನೆನೆಸಿದ ಬತ್ತಿಯನ್ನು ಲೋಟದಿಂದ ಲೋಟಕ್ಕೆ ಇಳಿಬಿಟ್ಟರು. ಮುಳ್ಳು ಎದ್ದು ಒಂದು ವೋಲ್ಟಿನ ಹತ್ತಿರ ಹೋಗಿ ನಿಂತಿತು.

"ಸತು ಎಲೆಕ್ಟ್ರಾನ್ ಕಳ್ಕತದೆ, ಅದು ಆನೋಡು. ತಾಮ್ರದ ಅಯಾನು ತಕ್ಕತದೆ, ಅದು ಕ್ಯಾಥೋಡು. ಇಷ್ಟೇ ಕಣ್ರವ್ವ. ಮಿಕ್ಕಿದ್ದೆಲ್ಲ ಲೆಕ್ಕ."

ಬತ್ತಿ ಯಾಕೆ ಬೇಕು ಎಂದು ನಾನು ಕೇಳಿದೆ. ಅದನ್ನು ಎತ್ತಿಬಿಟ್ಟರು, ಮುಳ್ಳು ಬಿದ್ದುಹೋಯಿತು. ಅದು ಲವಣ ಸೇತುವೆ ಎಂದರು. ಅದಿಲ್ಲದಿದ್ದರೆ ಒಂದು ಲೋಟದಲ್ಲಿ ಧನ, ಇನ್ನೊಂದರಲ್ಲಿ ಋಣ ವಿದ್ಯುದಂಶ ಉಳಿದುಬಿಡುತ್ತದೆ, ಹರಿವು ನಿಲ್ಲುತ್ತದೆ. ಅಡಿಗೆ ಉಪ್ಪಿನಲ್ಲೂ ಕೆಲಸ ಆಗುತ್ತದೆ, ಆದರೆ ಅದರ ಎರಡು ಅಯಾನುಗಳ ವೇಗ ಬೇರೆ ಬೇರೆ. ಪೊಟ್ಯಾಸಿಯಂ ನೈಟ್ರೇಟಿನಲ್ಲಿ ಎರಡೂ ಹೆಚ್ಚುಕಡಿಮೆ ಸಮವಾಗಿ ಓಡುತ್ತವೆ. "ಸಿಇಟೀಲಿ ಕೇಳದು ಇದ್ನೇಯ. ಮುಂದಿನ್ ವಾರ ತಂದು ತೋರುಸ್ತೀನಿ."

ಮುಂದಿನ ವಾರ ಅವರು ಬರಲಿಲ್ಲ. ಮಧ್ಯಾಹ್ನ ಬಸ್ಸಿನ ಕಂಡಕ್ಟರು ಅಂಗಡಿಗೆ ಬಂದು ಅಪ್ಪನ ಕಿವಿಯಲ್ಲಿ ಹೇಳಿಹೋದ. ಚೆಕ್‌ಪೋಸ್ಟಿನಲ್ಲಿ ಪೊಲೀಸರು ಮೇಷ್ಟ್ರ ಚೀಲ ಬಿಚ್ಚಿಸಿದ್ದಾರೆ, ಒಳಗೆ ವೈರು, ಮೀಟರು, ಪೆಟ್ಲುಪ್ಪಿನ ಪೊಟ್ಟಣ. ನಾಡಬಂದೂಕಿನ ಮದ್ದಿಗೆ ಹಾಕುವುದೂ ಅದೇ ಉಪ್ಪು. ಕಾಡಿಗೆ ಸಾಗಿಸುತ್ತಿದ್ದಾರೆಂದು ಇಳಿಸಿಕೊಂಡಿದ್ದಾರೆ.

ಉಳಿದ ಹುಡುಗಿಯರ ಮನೆಯವರು ಬಾಗಿಲು ಹಾಕಿಕೊಂಡರು. ಅಪ್ಪನೂ, "ನಮ್ಗ್ಯಾಕೆ, ನಮ್ಮುನ್ನೂ ಕೂರುಸ್ಕತರೆ" ಅಂದರು. ಅವ್ವ ಸೆರಗು ಬಿಗಿದು ಎದ್ದಳು. "ನಿಮ್ ಮಗೀಗ್ ಯೋಳ್ಕೊಡಕ್ ಬಂದು ತಾನೆ ಅವ್ರು ಸಿಕ್ಕಾಕಂಡಿರದು? ನಾವ್ ಓಗ್ದಿದ್ರೆ ಇನ್ಯಾರ್ ಓಯ್ತರೆ?" ಮರುದಿನ ಬೆಳಿಗ್ಗೆ ನನ್ನ ಕೈಲಿ ಪಠ್ಯಪುಸ್ತಕ ಹಿಡಿಸಿ ಪೊಲೀಸ್ ಠಾಣೆಗೆ ಕರೆದುಕೊಂಡು ಹೋದಳು.

ಅಲ್ಲಿದ್ದ ಸಾಹೇಬರು ನಮ್ಮನ್ನು ಗದರಲಿಲ್ಲ. ಮೇಜಿನ ಮೇಲೆ ಮೇಷ್ಟ್ರ ಚೀಲವಿತ್ತು. "ಇದೆಲ್ಲ ಏನಕ್ಕಮ್ಮ?" ಎಂದು ಕೇಳಿದರು. ನಾನು ಸತುವಿನಿಂದ ಶುರುಮಾಡಿದೆ. ಆನೋಡು, ಕ್ಯಾಥೋಡು, ಸೇತುವೆ...

"ಅಡಿಗೆ ಉಪ್ಪು ಹಾಕಿದ್ರೆ ಆಗಲ್ವ?"

"ಆಯ್ತದೆ ಸಾ. ಆದ್ರೆ ಅದ್ರ ಅಯಾನ್ಗಳು ಒಂದೇ ಸಮ ಓಡಲ್ಲ. ಇದ್ರಲ್ಲಿ ಓಡ್ತವೆ. ಪುಸ್ತಕ್ದಲ್ಲೂ ಇದ್ನೇ ಬರ್ದವ್ರೆ."

ಪುಟ ತೆರೆದು ತೋರಿಸಿದೆ. ಅವರು ಬೆರಳಿಟ್ಟು ನಿಧಾನವಾಗಿ ಓದಿದರು. ಓದಿ ಪುಸ್ತಕ ಮುಚ್ಚಿದರು. ನನ್ನ ಮಾತು ಅವರು ನಂಬಿದ್ದಾರೆಂದು ಮುಖ ನೋಡಿದರೇ ತಿಳಿಯುತ್ತಿತ್ತು. ಆದರೆ ಹೇಳಿದ್ದು ಬೇರೆ.

"ಅವ್ರನ್ನ ನಿನ್ನೆ ಸಂಜೇನೇ ಮೇಲಿನವ್ರ ಕ್ಯಾಂಪಿಗೆ ಕಳ್ಸಿಬಿಟ್ವಮ್ಮ. ಇನ್ನು ನನ್ನ ಕೈಲಿಲ್ಲ."

ಅವ್ವ ಪುಸ್ತಕವನ್ನು ಸೆರಗಿಗೆ ಸುತ್ತಿಕೊಂಡು ಬಸ್‌ಸ್ಟಾಪಿನ ಕಡೆ ನಡೆದಳು.

ಸಿಇಟಿ ಬಂತು, ಮುಗಿಯಿತು. ಮೇಷ್ಟ್ರನ್ನು ಬಿಟ್ಟಿದ್ದಾರೆಂಬ ಸುದ್ದಿ ಆಮೇಲೆ ಬಂತು. ಅವ್ವನೂ ನಾನೂ ಕೊಳ್ಳೇಗಾಲದ ಅವರ ಮನೆಗೆ ಹೋದೆವು. ಗೋಡೆಗೆ ಒರಗಿ ಕೂತಿದ್ದರು, ತೆಳ್ಳಗಾಗಿದ್ದರು. ಕಾಫಿಯ ಲೋಟವನ್ನು ಎರಡು ಕೈಯಲ್ಲಿ ಹಿಡಿದರೂ ತುಳುಕಿತು. ಹೆಂಡತಿ ಇಸಿದುಕೊಂಡು ಕುಡಿಸಿದರು. ಮೇಷ್ಟ್ರೇ ಮೊದಲು ಕೇಳಿದರು.

"ಲವಣ ಸೇತುವೆ ಬಂದಿತ್ತೇನವ್ವ?"

"ಬಂದಿತ್ತು ಸಾ. ಪೊಟ್ಯಾಸಿಯಂ ನೈಟ್ರೇಟ್ ಯಾಕೆ ಅಂತ್ಲೇ ಕೇಳಿದ್ರು. ಸರಿಯಾದ್ದನ್ನೇ ಗುರ್ತಾಕಿವ್ನಿ."

ತಲೆಯಾಡಿಸಿದರು. ಸಂತೋಷವಾಯಿತೋ ಏನೋ... ಮುಖ ಗೋಡೆಯ ಕಡೆ ತಿರುಗಿಸಿಕೊಂಡರು.

ಹೊರಡುವಾಗ ಅವರ ಹೆಂಡತಿ ಜಗಲಿಯವರೆಗೂ ಬಂದರು. ಅವ್ವನ ಕೈ ಹಿಡಿದು ಮೆಲ್ಲಗೆ ಅಂದರು, "ವೈರ್ ಕಂಡ್ರೆ ಮೈಯೆಲ್ಲ ನಡುಗ್ತದೆ ಕಣಕ್ಕ. ಮನೇಲಿ ಸ್ವಿಚ್ಚು ಆಕಕ್ ಬುಡಲ್ಲ. ಸೀಮೆಣ್ಣೆ ದೀಪದಲ್ಲೇ ಇವ್ನಿ." ನನಗೆ ಆಗ ಅರ್ಥವಾಯಿತು. ಅವರೇ ನಮಗೆ ಕಲಿಸಿದ್ದ ಕರೆಂಟು ಕ್ಯಾಂಪಿನಲ್ಲಿ ಅವರ ಮೈಯೊಳಗೆ ಹರಿದಿತ್ತು. ಅದನ್ನು ಅವರು ಯಾರಿಗೂ ಬಾಯಿಬಿಟ್ಟು ಹೇಳಲಿಲ್ಲ.

ಅವರ ಮೇಲೆ ಕೇಸೇ ಹಾಕಿರಲಿಲ್ಲ. ಹಾಗಾಗಿ ತಪ್ಪಿಲ್ಲವೆಂದು ಹೇಳುವವರೂ ಯಾರೂ ಇರಲಿಲ್ಲ. ಕಾಲೇಜಿಗೆ ಮರಳಿ ಹೋದರಾದರೂ ಎಲೆಕ್ಟ್ರೋಕೆಮಿಸ್ಟ್ರಿ ಪಾಠವನ್ನು ಬೇರೆಯವರಿಗೆ ಬಿಟ್ಟರಂತೆ. ಆಮೇಲೆ ಕೆಲಸವನ್ನೂ ಬಿಟ್ಟು, ಯಳಂದೂರಿನ ಬಳಿ ಹೆಂಡತಿಯ ಊರಾದ ಅಗರಕ್ಕೆ ಹೋಗಿ ನೆಲೆಸಿದರೆಂದು ಕೇಳಿದ್ದೆ. ನನಗೆ ಕೃಷಿ ಕಾಲೇಜಿನಲ್ಲಿ ಸೀಟು ಸಿಕ್ಕಿ, ಓದು, ಕೆಲಸ, ಸಂಸಾರವೆಂದು ವರ್ಷಗಳು ಸರಿದವು.

ಮೊನ್ನೆ ಗೊಬ್ಬರದ ಅಂಗಡಿಯಿಂದ ಹೊರಬಿದ್ದವಳು ಮನೆಗೆ ಹೋಗದೆ ಯಳಂದೂರಿನ ಬಸ್ಸು ಹತ್ತಿದೆ. ಅಗರದಲ್ಲಿ ಇಳಿದು ಟೀ ಅಂಗಡಿಯ ಯುವಕನನ್ನು ವಿಚಾರಿಸಿದೆ. ಕೊಳ್ಳೇಗಾಲದಿಂದ ಬಂದು ನೆಲೆಸಿದವರು, ತೆಳ್ಳಗಿದ್ದರು, ಕೈ ನಡುಗುತ್ತಿತ್ತು ಎಂದು ಗುರುತು ಹೇಳಿದೆ.

"ಓ, ಪೊಲೀಸ್ನೋರು ಇಡ್ಕಂಡೋಗಿದ್ರು ಅಂತರಲ್ಲ, ಅವ್ರಾ? ಓದ್ ತಿಂಗ್ಳೇ ತೀರ್ಕಂಡ್ರು ಕಣಕ್ಕ. ನೀವೇನಾಗ್ಬೇಕು?"

"ಅವರು ನನ್ನ ಮೇಷ್ಟ್ರು" ಅಂದೆ.

ಅವನು ಲೋಟ ತೊಳೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದ. "ಮೇಷ್ಟ್ರಾ ಅವ್ರು? ನಮ್ಗ್ ಗೊತ್ತೇ ಇರ್ನಿಲ್ವಲ್ಲ."

ಬೆಂಚಿನ ಮೇಲೆ ಕೂತೆ. ಹೌದು, ಮೇಷ್ಟ್ರು, ಭಾನುವಾರ ಭಾನುವಾರ ಹನೂರಿಗೆ ಬಂದು ಪಾಠ ಹೇಳುತ್ತಿದ್ದರು ಎಂದು ಅವನಿಗೆ ಹೇಳತೊಡಗಿದೆ. ಎಲ್ಲವನ್ನೂ ಕೇಳಿಸಿಕೊಂಡ. ಕೊನೆಗೆ ಕೈ ಒರಸಿಕೊಂಡು ಬೀದಿಗೆ ಬಂದು ಅವರ ಮನೆ ತೋರಿಸಿದ. ಹೋಗಿ ನೋಡಿದೆ, ಬಾಗಿಲಿಗೆ ಬೀಗ ಹಾಕಿತ್ತು.