ಅಕ್ಕನ ಹುರುಳಿ, ನನ್ನ ಪಕ್ಕೆಲುಬು

ನಿಮ್ಮ ಹತ್ತಿರ ಮುಚ್ಚುಮರೆ ಏಕೆ? ನಾನು ಸೀನುವುದನ್ನು ಸರಿಯಾಗಿ ಕಲಿತದ್ದು ನಲವತ್ತೊಂಬತ್ತನೆಯ ವಯಸ್ಸಿನಲ್ಲಿ. ಅದಕ್ಕೆ ಮೊದಲು ಸೀನುತ್ತಿರಲಿಲ್ಲವೆಂದಲ್ಲ. ಆಚೀಚೆಯ ಮೂರು ಮನೆಗೆ ಕೇಳುವಂತೆ ಧಾರಾಳವಾಗಿ ಸೀನುತ್ತಿದ್ದೆ. ಆದರೆ ಎದೆಗೆ ದಿಂಬು ಅವುಚಿಕೊಂಡು, ಗೋಡೆಗೆ ಒರಗಿ, ಮನೆದೇವರನ್ನು ನೆನೆದು, ಅರ್ಧ ಸೀನನ್ನು ಹೊರಗೆ ಬಿಟ್ಟು ಇನ್ನರ್ಧವನ್ನು ನುಂಗಿಕೊಳ್ಳುವ ವಿದ್ಯೆ ಇದೆಯಲ್ಲ, ಅದು ಎಡಗಡೆಯ ಎರಡು ಪಕ್ಕೆಲುಬು ಬಿರುಕು ಬಿಟ್ಟ ಮೇಲೇ ಕೈಗೂಡುವಂಥದ್ದು. ಹಾಗೆಯೇ ನಗುವುದು, ಕೆಮ್ಮುವುದು, ಮಗ್ಗುಲು ಬದಲಿಸುವುದು. ಹುಟ್ಟಿದಾಗ ಯಾರೂ ಹೇಳಿಕೊಡದೆ ಬಂದದ್ದನ್ನೆಲ್ಲ ಒಂದೊಂದಾಗಿ ಮತ್ತೆ ಕಲಿತೆ. ಕೊನೆಗೆ ಉಳಿದದ್ದು ಸೈಕಲ್ ಒಂದು.

ನಾನು ಗುಂಡ್ಲುಪೇಟೆಯವನು. ಕೆಲಸ ಚಾಮರಾಜನಗರದ ಒಂದು ಕಚೇರಿಯಲ್ಲಿ. ವಾರದ ಆರು ದಿನ ಬಸ್ಸಿನಲ್ಲಿ ಹೋಗಿ, ಕೂತು, ಮತ್ತೆ ಬಸ್ಸಿನಲ್ಲಿ ಕೂತು ಬರುವ ಬದುಕಿಗೆ ಒಂದು ದಿನ ರಕ್ತದಲ್ಲಿ ಸಕ್ಕರೆ ಕಾಣಿಸಿಕೊಂಡಿತು. ಡಾಕ್ಟರು ನಡೆಯಿರಿ ಎಂದರು. ನಡೆದರೆ ದಾರಿಯಲ್ಲಿ ಸಿಕ್ಕವರೆಲ್ಲ ಬೈಕ್ ನಿಲ್ಲಿಸಿ 'ಹತ್ತಿ, ಬಿಡ್ತೀನಿ' ಎಂದು ಒತ್ತಾಯಿಸುವ ಊರು ನಮ್ಮದು. ಬೇಡವೆಂದರೆ ಬೇಸರ ಮಾಡಿಕೊಳ್ಳುತ್ತಾರೆ. ಹಾಗಾಗಿ ಗೇರಿನ ಸೈಕಲ್ ಕೊಂಡೆ. ಟೈರು ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ, ಅಷ್ಟೇ. ಜೊತೆಗೆ ಹೆಲ್ಮೆಟ್ಟು, ಮೆತ್ತೆ ಹೊಲಿದ ಬಿಗಿ ಚಡ್ಡಿ. ಪ್ರತಿ ಭಾನುವಾರ ಆ ವೇಷದಲ್ಲಿ ಹಂಗಳ ದಾಟಿ, ಗೋಪಾಲಸ್ವಾಮಿ ಬೆಟ್ಟದ ರಸ್ತೆಗೆ ತಿರುಗಿ, ಅಲ್ಲಿರುವ ಅಕ್ಕನ ಊರಿಗೆ ಹೋಗಿ ಬರುತ್ತಿದ್ದೆ. ಮೊದಲ ದಿನ ಅಕ್ಕ ಮಹದೇವಮ್ಮ ನನ್ನ ಚಡ್ಡಿಯನ್ನು ನೋಡಿ, ಒಳಗೆ ಹೋಗಿ ಭಾವನ ಪಂಚೆ ತಂದುಕೊಟ್ಟಳು. ಊರಿನವರು ನೋಡುವ ಮೊದಲು ಸುತ್ತಿಕೋ ಎಂದಳು.

ಇಲ್ಲಿ ನಿಮಗೆ ನಮ್ಮ ಸೀಮೆಯ ಒಕ್ಕಣೆಯ ವಿಷಯ ಸ್ವಲ್ಪ ಹೇಳಬೇಕು. ಹಿಂದೆ ನೆಲ ಕೆತ್ತಿ, ಸಗಣಿ ಸಾರಿಸಿ, ಕಣ ಮಾಡಿ, ನಡುವೆ ಮೇಟಿಕಂಬ ನೆಟ್ಟು, ದನಗಳಿಂದ ಬೆಳೆಯನ್ನು ತುಳಿಸುತ್ತಿದ್ದರು. ಆಮೇಲೆ ಡಾಂಬರು ಬಂತು. ಸರ್ಕಾರ ನಮ್ಮ ಹೊಲದ ಪಕ್ಕದಲ್ಲೇ ಇಷ್ಟು ಉದ್ದದ, ಇಷ್ಟು ನಯವಾದ ಕಣವನ್ನು ಪುಕ್ಕಟೆಯಾಗಿ ಮಾಡಿಕೊಟ್ಟಿರುವಾಗ ಬೇರೆ ಕಣ ಯಾರಿಗೆ ಬೇಕು? ಹುರುಳಿ ಗಿಡಗಳನ್ನು ಕಿತ್ತು ತಂದು ರಸ್ತೆಗೆ ಹಾಸುತ್ತಾರೆ. ಓಡಾಡುವ ಗಾಡಿಗಳ ಚಕ್ರಕ್ಕೆ ಸಿಕ್ಕಿ ಕಾಳು ಉದುರುತ್ತದೆ. ಇದನ್ನು ಮಾಡಬಾರದು ಎಂದು ಬೋರ್ಡು ಹಾಕಿದ್ದಾರೆ. ಆ ಬೋರ್ಡಿನ ಕಂಬ ಟಾರ್ಪಾಲಿನ ಹಗ್ಗ ಕಟ್ಟಲು ಅನುಕೂಲವಾಗಿದೆ. ಅಕ್ಕನ ಊರಿನವರಿಗಂತೂ ಭಾನುವಾರವೇ ಒಕ್ಕಣೆಯ ಸುಗ್ಗಿ, ಏಕೆಂದರೆ ಅಂದು ಬೆಟ್ಟಕ್ಕೆ ಹೋಗುವ ಕೇರಳದ, ತಮಿಳುನಾಡಿನ, ಮೈಸೂರಿನ ಕಾರುಗಳೆಲ್ಲ ಬಂದು ಬಿಟ್ಟಿಯಾಗಿ ತುಳಿದುಕೊಟ್ಟು, ಮೇಲೆ ಫೋಟೋ ಬೇರೆ ತೆಗೆದುಕೊಂಡು ಹೋಗುತ್ತಾರೆ.

ಇದರಲ್ಲೊಂದು ಮರ್ಯಾದೆಯ ಪ್ರಶ್ನೆಯೂ ಇದೆ. ಹಾಸಿದ ಬೆಳೆಯನ್ನು ಬಳಸಿಕೊಂಡು ಅಂಚಿನಲ್ಲಿ ಹೋಗುವುದು ನಮ್ಮ ಕಡೆ ಒಳ್ಳೆಯತನವಲ್ಲ. ಮನೆಗೆ ಬಂದು ನೀರೂ ಕುಡಿಯದೆ ಎದ್ದು ಹೋದ ಹಾಗೆ. ಚಿಕ್ಕವನಿದ್ದಾಗ ನಾನೂ ಅಕ್ಕನೂ ರಸ್ತೆಯ ಪಕ್ಕ ಕೂತು, ಬಳಸಿಕೊಂಡು ಹೋದ ಲಾರಿಯವರನ್ನೆಲ್ಲ ಹೆಸರಿಟ್ಟು ಬೈದಿದ್ದೇವೆ. ಆ ಸಂಸ್ಕಾರ ನನ್ನಲ್ಲಿ ಗಟ್ಟಿಯಾಗಿ ಉಳಿದಿತ್ತು. ಸಂಕ್ರಾಂತಿ ಕಳೆದ ಭಾನುವಾರ ಅಕ್ಕನ ಮನೆ ಮುಂದಿನ ರಸ್ತೆಯಲ್ಲಿ ಅಕ್ಕನದೇ ಹುರುಳಿ ಹಾಸಿತ್ತು, ಪಕ್ಕದಲ್ಲಿ ಅಕ್ಕ ನಿಂತಿದ್ದಳು. ಅಂಚಿನಲ್ಲಿ ಜಾಗವೂ ಇತ್ತು. ಒಡಹುಟ್ಟಿದವನೇ ಬಳಸಿಕೊಂಡು ಹೋದರೆ ಅವಳು ಏನೆಂದುಕೊಂಡಾಳು? ನಾನು ತೂಗುವುದು ಅರವತ್ತೆರಡು ಕಿಲೋ. ಆ ಟೈರಿನಿಂದ ಉದುರುವ ಕಾಳು ಒಂದು ಗುಬ್ಬಿಗೂ ಸಾಲದು. ಆದರೂ ನೇರವಾಗಿ ನಡುಮಧ್ಯಕ್ಕೇ ನುಗ್ಗಿಸಿದೆ, ವೇಗವಾಗಿ, ಗಂಟೆ ಬಾರಿಸಿಕೊಂಡು.

ಉದುರಿದ ಹುರುಳಿಕಾಳಿನ ಮೇಲೆ ಸಪೂರ ಚಕ್ರ ಏನಾಗುತ್ತದೆಂದು ವಿವರಿಸಬೇಕಿಲ್ಲ. ಮುಂದಿನ ಚಕ್ರ ಪಕ್ಕಕ್ಕೆ ಹೋಯಿತು, ಹ್ಯಾಂಡಲ್ ತಿರುಗಿ ನನ್ನ ಎದೆಗೇ ನಾಟಿತು, ಅದರ ಮೇಲೆ ನಾನು ಬಿದ್ದೆ. ಉಸಿರು ಹೊರಗೆ ಹೋದದ್ದು ಒಳಗೆ ಬರಲೊಲ್ಲದು. ಬಂದ ಮೇಲೆ ನನ್ನ ಬಾಯಿಂದ ಹೊರಟ ಮೊದಲ ಮಾತು, ಭಾವ ಇವತ್ತಿಗೂ ಅಣಕಿಸುತ್ತಾರೆ, 'ಅಕ್ಕ, ಕಾಳು ಚೆಲ್ಲೋಯ್ತಾ?' ಎಂಬುದು.

ಚಾಮರಾಜನಗರದ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಎರಡು ತಿಂಗಳು ಸೈಕಲ್ ಬೇಡ, ಭಾರ ಎತ್ತಬೇಡಿ, ಉಸಿರು ಮಾತ್ರ ಆಳವಾಗಿ ತೆಗೆದುಕೊಳ್ಳಿ ಎಂದರು. ಮೂರು ಚೆಂಡಿರುವ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಕೊಟ್ಟರು. ಕೊಳವೆಗೆ ಬಾಯಿಟ್ಟು ಉಸಿರೆಳೆದರೆ ಚೆಂಡು ಮೇಲೇಳಬೇಕು. ಮೊದಲ ದಿನ ಒಂದು ಚೆಂಡು ಅರ್ಧಕ್ಕೆ ಎದ್ದು, ನನ್ನ ಮುಖ ನೋಡಿ, ಕೂತುಬಿಟ್ಟಿತು.

ಪಕ್ಕೆಲುಬಿನ ಬಿರುಕಿಗೆ ಇರುವ ದೊಡ್ಡ ಕೊರತೆಯೆಂದರೆ ಅದಕ್ಕೆ ಕಟ್ಟು ಹಾಕುವುದಿಲ್ಲ. ಕೈ ಮುರಿದವನನ್ನು ನೋಡಲು ಬಂದವರಿಗೆ ಬಿಳಿಯ ಕಟ್ಟಾದರೂ ಕಾಣುತ್ತದೆ. ಬಸ್ ಚಾರ್ಜು ಕೊಟ್ಟು ಬಂದದ್ದಕ್ಕೆ ಸಾರ್ಥಕ. ನನ್ನನ್ನು ನೋಡಲು ಎಳನೀರು ಹಿಡಿದು ಬಂದವರೆಲ್ಲ ಮೇಲಿಂದ ಕೆಳಗೆ ನೋಡಿ, ಏನೂ ಕಾಣದೆ, ಮೋಸಹೋದವರಂತೆ ಕೂರುತ್ತಿದ್ದರು. ನರಳಿ ತೋರಿಸೋಣವೆಂದರೆ ನರಳಿದರೂ ನೋವು. ಕಚೇರಿಗೆ ಹೋಗತೊಡಗಿದ ಮೇಲೆ ಇನ್ನೊಂದು ಕಷ್ಟ. ನನ್ನ ಪಕ್ಕದ ಮೇಜಿನ ಚಂದಕವಾಡಿಯ ನಂಜುಂಡನಿಗೆ ತಮಾಷೆ ಇಲ್ಲದೆ ಮಾತು ಬರುವುದಿಲ್ಲ. ನಗಿಸಬೇಡ ಮಾರಾಯ ಎಂದು ಕೈಮುಗಿದೆ. ಅವನು ಒಪ್ಪಿಕೊಂಡು ಇಡೀ ದಿನ ಗಂಭೀರವಾಗಿ ಕೂತ. ಆ ಗಂಭೀರ ಮುಖ ನೋಡಿಯೇ ನನಗೆ ನಗು ತಡೆಯದೆ, ಕಡತವನ್ನು ಎದೆಗೊತ್ತಿಕೊಂಡು ಹೊರಗೆ ಓಡಬೇಕಾಯಿತು.

ಇತ್ತ ಮನೆಯಲ್ಲಿ ನನ್ನ ಹೆಂಡತಿ ಸುಮಾ ಡಾಕ್ಟರ ಮಾತಿಗೆ ತನ್ನದೊಂದು ತಿದ್ದುಪಡಿ ಸೇರಿಸಿದ್ದಳು: ಎರಡು ತಿಂಗಳಲ್ಲ, ಎರಡು ಜನ್ಮ. ಸೈಕಲ್ಲಿನ ಸೀಟನ್ನು ಬಿಚ್ಚಿ, ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗಿಟ್ಟು, ಬೀಗ ಹಾಕಿ, ಕೀಲಿಯನ್ನು ತಾಳಿಯ ಜೊತೆ ಪಿನ್ನಿಗೆ ಸಿಕ್ಕಿಸಿಕೊಂಡಳು. ನಾನು ಎಲ್ಲರೆದುರೂ ಹಾರಾಡಿದೆ. ಗಂಡಸಿನ ಸೈಕಲ್ ಸೀಟು ಸೀರೆಗಳ ಕೆಳಗೆ ಇರುವುದೇ ಎಂದು ನಂಜುಂಡನ ಹತ್ತಿರವೂ ಗೋಳಾಡಿದೆ. ನಿಮಗೆ ಮಾತ್ರ ನಿಜ ಹೇಳುತ್ತೇನೆ: ಆ ಬೀಗದಿಂದ ನನಗೆ ಬಹಳ ಅನುಕೂಲವಾಗಿತ್ತು. ಎರಡು ತಿಂಗಳು ತುಂಬಿತು, ಎಲುಬು ಕೂಡಿದೆ ಎಂದು ಡಾಕ್ಟರು ಹೇಳಿದರು, ಮೂರು ಚೆಂಡೂ ಒಟ್ಟಿಗೆ ಮೇಲೆದ್ದು ನಿಂತವು. ಆದರೆ ಕಣ್ಣು ಮುಚ್ಚಿದರೆ ಹ್ಯಾಂಡಲ್ ತಿರುಗುವುದು ಕಾಣುತ್ತಿತ್ತು. ಹೆದರಿದ್ದು ನಾನು. ಹೆಸರು ಮಾತ್ರ ಅವಳದು.

ಹೀಗೇ ಅವಳ ಬೀಗದ ನೆರಳಲ್ಲಿ ಹಾಯಾಗಿದ್ದವನ ಮನೆಗೆ ಯುಗಾದಿಗೆ ಎರಡು ವಾರವಿರುವಾಗ ಭಾವ ಬಂದರು. ಕಾಫಿ ಲೋಟವನ್ನು ಕೆಳಗಿಟ್ಟು ಅವರು ಹೇಳಿದ ಸಂಗತಿ ಕೇಳಿ ನಾನು ದಂಗಾದೆ. ನಾನು ಬಿದ್ದ ದಿನವೇ ಅಕ್ಕ ರಸ್ತೆಯ ಮೇಲಿನ ಹುರುಳಿಯನ್ನೆಲ್ಲ ಬಾಚಿ, ಹೊಲದಲ್ಲಿ ಉಳಿದಿದ್ದನ್ನೂ ಸೇರಿಸಿ ಮೆದೆ ಒಟ್ಟಿಸಿದ್ದಳು. ತಮ್ಮ ಸೈಕಲ್ ತುಳಿದುಕೊಂಡು ತನ್ನ ಬಾಗಿಲಿಗೆ ಬರುವವರೆಗೆ ಆ ಮೆದೆ ಮುಟ್ಟುವುದಿಲ್ಲವೆಂದು ಗೋಪಾಲಸ್ವಾಮಿ ಬೆಟ್ಟದ ಕಡೆ ಮುಖ ಮಾಡಿ ಆಣೆ ಇಟ್ಟಿದ್ದಾಳೆ. ಟ್ರ್ಯಾಕ್ಟರಿನಲ್ಲಿ ತುಳಿಸೋಣವೆಂದರೂ ಕೇಳಲಿಲ್ಲ. ಊರಿನವರದೆಲ್ಲ ಒಕ್ಕಣೆ ಮುಗಿದು ಕಾಳು ಡಬ್ಬಿ ಸೇರಿದೆ. ಅಕ್ಕನ ಮೆದೆಯಲ್ಲಿ ಇಲಿಗಳು ಸಂಸಾರ ಹೂಡಿವೆ. ಈ ಎರಡು ತಿಂಗಳು ನಮ್ಮ ಮನೆಗೆ ಹತ್ತು ಸಲ ಬಂದು, ಹಳೆಯ ಹುರುಳಿಯ ಕಟ್ಟಿನ ಸಾರು ಮಾಡಿ ಬಡಿಸಿ ಹೋದವಳು ಇದನ್ನು ಬಾಯಿಬಿಟ್ಟಿರಲಿಲ್ಲ.

ನಮ್ಮ ಕಡೆ ಹುರುಳಿಯನ್ನು ಉಳ್ಳಿ ಎನ್ನುತ್ತಾರೆ. ಭಾವ ಎದ್ದು ಹೊರಡುವಾಗ ಹೇಳಿದರು:

"ನೀನೇನೂ ಸಾಹಸ ಮಾಡ್ಬ್ಯಾಡ ಕಣಪ್ಪ. ಸೈಕಲ್ ಮ್ಯಾಲೆ ಒಂದ್ಸಲ ಅವಳ ಕಣ್ಮುಂದೆ ಬಂದ್ಬುಡು, ಸಾಕು. ಮೋಡ ಕಟ್ತಾ ಅದೆ. ಒಂದು ಮಳೆ ಉಯ್ದ್ರೆ ಉಳ್ಳಿಯೆಲ್ಲ ಮೆದೇಲೇ ಮೊಳೆತೋಯ್ತದೆ."

ಸುಮಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಕೀಲಿ ಬಿಚ್ಚಿ, ಬೀರು ತೆಗೆದು, ಸೀಟನ್ನು ತಂದು ನನ್ನ ತೊಡೆಯ ಮೇಲಿಟ್ಟಳು. ಅದಕ್ಕೆ ನುಸಿಗುಳಿಗೆಯ ವಾಸನೆ ಹತ್ತಿತ್ತು. ಅವಳದು ಒಂದೇ ಷರತ್ತು: ತಾನು ಸ್ಕೂಟರಿನಲ್ಲಿ ಹಿಂದೆ ಬರುವುದು.

ಆ ಭಾನುವಾರದ ಬೆಳಗ್ಗೆ ನಾನು ಸ್ಕೂಲಿನ ಮೊದಲ ದಿನದ ಹುಡುಗನಂತೆ ಐದಕ್ಕೇ ಎದ್ದು ಕೂತಿದ್ದೆ. ಬೆಳಕು ಹರಿದ ಮೇಲೆ ಹೊರಟೆವು. ಮೊದಲ ಒಂದು ಮೈಲಿ ಹ್ಯಾಂಡಲನ್ನು ನಾನು ಹಿಡಿದಿದ್ದೆನೋ, ಅದು ನನ್ನನ್ನು ಹಿಡಿದಿತ್ತೋ ತಿಳಿಯದು. ತರಕಾರಿ ಲಾರಿಯೊಂದು ಪಕ್ಕದಲ್ಲೇ ಹಾದುಹೋದಾಗ ಎಡಗೈ ತಾನಾಗಿಯೇ ಎದೆಗೆ ಬಂತು. ನಿಲ್ಲಿಸಿ ಮನೆಗೆ ಹೋಗೋಣವೆನ್ನಿಸಿತು. ಆದರೆ ಹಿಂದೆ ನೋಡಿದರೆ ಸ್ಕೂಟರಿನ ಮೇಲೆ ಹೆಂಡತಿ, ಮುಂದೆ ನೋಡಿದರೆ ಇಲಿ ಸಂಸಾರದ ಮೆದೆ. ತುಳಿದೆ. ತುಳಿಯುತ್ತಾ ಹೋದಂತೆ ಉಸಿರು ಒಳಗೆ ಹೋಗತೊಡಗಿತು, ಡಬ್ಬಿಯ ಉಸಿರಲ್ಲ, ನಿಜವಾದ ಉಸಿರು, ಉತ್ತ ಹೊಲದ ವಾಸನೆ ತುಂಬಿಕೊಂಡ ತಣ್ಣನೆಯ ಉಸಿರು. ಪಕ್ಕೆಗಳು ಅಗಲವಾದವು, ಮುಚ್ಚಿದವು, ಮತ್ತೆ ಅಗಲವಾದವು. ಒಂದೂ ಕುಂಯ್ಯೆನ್ನಲಿಲ್ಲ. ಹಂಗಳಕ್ಕೆ ಮೊದಲು ಸಿಗುವ ಸಣ್ಣ ಇಳಿಜಾರಿನಲ್ಲಿ ಸೈಕಲ್ಲನ್ನು ಅದರ ಪಾಡಿಗೆ ಬಿಟ್ಟುಬಿಟ್ಟೆ. ಗಾಳಿ ಕಿವಿಯಲ್ಲಿ ಭರ್ರೆಂದಿತು. ಎದುರಿಗೆ ಮೋಡ ಹೊದ್ದ ಬೆಟ್ಟ. ಖುಷಿ ತಡೆಯಲಾರದೆ ಯಾರೂ ಅಡ್ಡ ಇಲ್ಲದ ರಸ್ತೆಯಲ್ಲಿ ಗಂಟೆ ಬಾರಿಸಿದೆ, ಬಾರಿಸುತ್ತಲೇ ಇದ್ದೆ. ಹಂಗಳದ ನಾಯಿಗಳು ನನ್ನ ಹೆಲ್ಮೆಟ್ಟನ್ನು ಮರೆತಿರಲಿಲ್ಲ. ಬೊಗಳುತ್ತಾ ಊರಾಚೆವರೆಗೆ ಬಂದು ಬಿಟ್ಟುಹೋದವು. ಹಿಂದೆ ಸುಮಾಳ ಹಾರ್ನು ನಿಧಾನ, ನಿಧಾನ ಎನ್ನುತ್ತಿತ್ತು. ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಇಷ್ಟೊಂದು ಸಂತೋಷ ಪಡಬಹುದೆಂದು ಯಾರಾದರೂ ಮೊದಲೇ ಹೇಳಿದ್ದರೆ ಇನ್ನೂ ಬೇಗ ಬೀಳುತ್ತಿದ್ದೆ.

ಅಕ್ಕ ಅಂಗಳ ಗುಡಿಸುತ್ತಿದ್ದಳು. ಗಂಟೆ ಕೇಳಿ ತಲೆಯೆತ್ತಿದವಳು ಹಾಗೇ ನಿಂತಳು. ನಾನು ಇಳಿದೆ. ಹತ್ತಿರ ಬಂದು ನನ್ನ ಎಡಪಕ್ಕೆಯ ಮೇಲೆ ಅಂಗೈಯಿಟ್ಟು, ಮಡಕೆ ಕೊಳ್ಳುವವರಂತೆ ಎರಡು ಕಡೆ ಮೆಲ್ಲಗೆ ತಟ್ಟಿದಳು. ಆಮೇಲೆ ಕಣ್ಣೊರೆಸಿಕೊಂಡು ಭಾವನ ಕಡೆ ತಿರುಗಿ ಎರಡೇ ಮಾತು ಹೇಳಿದಳು:

"ಮೆದೆ ಬಿಚ್ಚು."

ನನಗೆ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಸುಮಾಳಿಗೆ ನನ್ನನ್ನು ಇಷ್ಟು ಜೋರಾಗಿ ಬರಲು ಬಿಟ್ಟದ್ದಕ್ಕೆ ಬೈಗುಳ. ತಿಂದ ಮೇಲೆ ಸ್ವಲ್ಪ ಮಲಗಿಕೋ ಎಂದು ಅಕ್ಕ ಚಾಪೆ ಹಾಸಿದಳು. ಎದ್ದು ಹೊರಗೆ ಬಂದಾಗ ಬಿಸಿಲು ಏರಿತ್ತು, ರಸ್ತೆಯ ತುಂಬ ಹುರುಳಿ ಹಾಸಿತ್ತು. ಬೆಟ್ಟದ ಕಾರುಗಳು ಸಾಲಾಗಿ ಬಂದು ಚರಚರ ತುಳಿಯುತ್ತಿದ್ದವು. ಆದರೆ ಈ ಸಲ ಎಡದ ಅಂಚಿನಲ್ಲಿ, ಹುರುಳಿಯ ಆ ತುದಿಯಿಂದ ಈ ತುದಿಯವರೆಗೆ, ಒಂದು ಮೊಳ ಅಗಲ ಒಂದು ಕಾಳೂ ಇಲ್ಲದಂತೆ ಗುಡಿಸಿತ್ತು. ಅಕ್ಕ ಪೊರಕೆ ಹಿಡಿದು ಅದರ ಪಕ್ಕದಲ್ಲೇ ನಿಂತಿದ್ದಳು. ಹುರುಳಿ ಬಿಟ್ಟು ಅಂಚಿನಲ್ಲಿ ಹೋಗು ಎಂದು ಅಕ್ಕ ನನಗೆ ಹೇಳಿದ್ದು ಈ ಜನ್ಮದಲ್ಲಿ ಅದೇ ಮೊದಲು.

ಮರ್ಯಾದೆಗೆಟ್ಟವನಂತೆ ಬಳಸಿಕೊಂಡು ಹೊರಟೆ. ಸ್ವಲ್ಪ ದೂರ ಹೋಗಿ ತಿರುಗಿ ನೋಡಿದರೆ, ಹಿಂದೆ ಬರುತ್ತಿದ್ದ ಕೇರಳದ ಕಾರೊಂದು, ಪಾಪ, ರೈತರ ಬೆಳೆ ಹಾಳಾಗದಿರಲಿ ಎಂದು ಚಕ್ರಗಳನ್ನು ಆ ಗುಡಿಸಿದ ಜಾಗಕ್ಕೆ ಇಳಿಸಿತ್ತು. ಅಕ್ಕ ಪೊರಕೆಯನ್ನು ಅಡ್ಡ ಹಿಡಿದು ಕಾರನ್ನು ನಿಲ್ಲಿಸಿದ್ದಳು.

"ಅದು ನನ್ನ ತಮ್ಮನ ದಾರಿ ಕಣಪ್ಪ. ನೀನು ಉಳ್ಳಿ ಮ್ಯಾಲೆ ಓಗು."

ಅವನಿಗೆ ಮಾತು ತಿಳಿಯಲಿಲ್ಲ, ಪೊರಕೆ ತಿಳಿಯಿತು. ಕಾರು ಹುರುಳಿಯ ಮೇಲಕ್ಕೆ ಹತ್ತಿತು. ನನಗೆ ಎಲ್ಲಿತ್ತೋ ನಗು, ಹಂಗಳದವರೆಗೂ ಬಿದ್ದು ಬಿದ್ದು ನಕ್ಕೆ, ಸೈಕಲ್ಲಿನಿಂದ ಮಾತ್ರ ಬೀಳಲಿಲ್ಲ. ಪಕ್ಕೆಯಲ್ಲಿ ನೋವಿದೆಯೇ ಎಂದು ನೋಡಿಕೊಳ್ಳುವುದು ಮರೆತೇಹೋಗಿತ್ತು ಎಂಬುದು ನೆನಪಾದದ್ದು, ಗುಂಡ್ಲುಪೇಟೆ ತಲುಪಿ, ಸೈಕಲ್ ನಿಲ್ಲಿಸಿ, ಸೀಟನ್ನು ಅದರ ಜಾಗದಲ್ಲೇ ಬಿಟ್ಟು ಒಳಗೆ ಹೋದ ಮೇಲೆ.