ಬಾವಿ ಇಲ್ಲವೆಂದ ಗಂಜಿಯಕ್ಕ

ಬೀದಿಯವರೆಲ್ಲ ಅವಳನ್ನು ಗಂಜಿಯಕ್ಕ ಎನ್ನುತ್ತಿದ್ದರು. ಆಸ್ಪತ್ರೆಯ ಹಾಸಿಗೆ ಬಟ್ಟೆ, ಹೋಟೆಲಿನ ಮೇಜಿನ ಬಟ್ಟೆ, ವಕೀಲರ ಬಿಳಿ ಅಂಗಿ, ಏನೇ ಕೊಡಿ, ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ ಕಟ್ಟಿಕೊಡುವುದರಲ್ಲಿ ಅವಳದು ಎತ್ತಿದ ಕೈ. ಅನುಮಾನ ಪಡುವುದರಲ್ಲಂತೂ ಅವಳನ್ನು ಮೀರಿಸುವವರೇ ಇರಲಿಲ್ಲ. ದಾರಿಯಲ್ಲಿ ಸಿಕ್ಕವರು ಚೆನ್ನಾಗಿದ್ದೀರಾ ಎಂದರೆ ಸಾಕು, ಇವರಿಗೆ ನನ್ನಿಂದ ಏನಾಗಬೇಕಿದೆಯೋ ಎಂದು ಸಂಜೆಯವರೆಗೆ ತಲೆ ಕೆಡಿಸಿಕೊಳ್ಳುವಳು. ಕರೆಂಟಿನ ಮೀಟರ್ ನೋಡಲು ಬಂದವನ ಗುರುತಿನ ಚೀಟಿಯನ್ನು ಬೆಳಕಿಗೆ ಹಿಡಿದು, ಫೋಟೋದಲ್ಲಿ ಮೀಸೆ ಇದೆ, ನಿನಗಿಲ್ಲ ಎಂದು ಬಂದ ದಾರಿಗೆ ಕಳಿಸಿದವಳು. ಗಂಡ, ಪಾಪ, ಎಂದೋ ಸೋತು ಸುಮ್ಮನಾಗಿದ್ದ.

ಅವಳ ಬದುಕು ನಿಂತಿದ್ದೇ ಹಿತ್ತಲಿನ ಬಾವಿಯ ಮೇಲೆ. ನಲ್ಲಿ ನೀರಿನಲ್ಲಿ ಬಟ್ಟೆ ಮಂಕಾಗುತ್ತದೆ, ಬಾವಿ ನೀರಿನಲ್ಲಿ ಬಿಳಿ ಅಂದರೆ ಬಿಳಿ. ಅವಳದು ಬೀದಿಯ ಕೊನೆಯ ಮನೆ. ಬೇಲಿ ದಾಟಿದರೆ ಗುಡ್ಡ. ಆ ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸುತ್ತಾರಂತೆ ಎಂಬ ಸುದ್ದಿ ಬಂದಾಗ ಅವಳ ಎದೆ ಧಸಕ್ಕೆಂದಿತು. ಪಕ್ಕದ ಊರಿನಲ್ಲಿ ಅಂಥದ್ದೇ ಯಂತ್ರದ ಬುಡಕ್ಕೆಂದು ಬಂಡೆ ಸಿಡಿಸಿದ ಮೇಲೆ ಬಾವಿಗಳಲ್ಲಿ ಕೆಂಪು ರಾಡಿ ಎದ್ದು, ಆಮೇಲೆ ತಿಳಿಯಾಗಲೇ ಇಲ್ಲ. ಆ ನೀರಿನಲ್ಲಿ ಆಸ್ಪತ್ರೆಯ ಬಟ್ಟೆ ಒಗೆಯಲಾದೀತೇ? ಗಂಜಿಯಕ್ಕ ಬೀದಿಯವರನ್ನೆಲ್ಲ ಕಟ್ಟಿಕೊಂಡು ಪುರಸಭೆಗೆ ಹೋದಳು. ಬಾವಿಯಿಂದ ಮುನ್ನೂರು ಮೀಟರಿನ ಒಳಗೆ ಗಾಳಿಯಂತ್ರ ಬರಕೂಡದು, ಹಾಗಂತ ನಿಯಮ ಮಾಡಿ ಎಂದು ಪಟ್ಟು ಹಿಡಿದು ಕೂತಳು. ಪುರಸಭೆ ಒಪ್ಪಿಕೊಂಡೇಬಿಟ್ಟಿತು.

ಎಡವಟ್ಟಾದದ್ದು ಅಲ್ಲೇ. ಇಷ್ಟು ಸಲೀಸಾಗಿ ಒಪ್ಪಿದರೆಂದರೆ ಇದರಲ್ಲಿ ಏನೋ ಮಸಲತ್ತು ಇರಲೇಬೇಕು ಎಂದು ಅವಳ ಕಿವಿ ನೆಟ್ಟಗಾಯಿತು. ಅದಕ್ಕೆ ಸರಿಯಾಗಿ, ಸ್ವಂತ ಬಾವಿ ಇರುವವರು ಬಂದು ನೋಂದಣಿ ಮಾಡಿಸಿ ಎಂದು ಪುರಸಭೆಯಿಂದ ಹೇಳಿಕಳಿಸಿದರು. ಸರಿ, ಸಿಕ್ಕಿತಲ್ಲ! ಇವತ್ತು ಲೆಕ್ಕ ತಗೋತಾರೆ, ನಾಳೆ ಮೀಟರ್ ಕೂರಿಸ್ತಾರೆ, ನಾಡಿದ್ದು ಬೀಗ ಜಡೀತಾರೆ ಎಂದು ಮನೆಮನೆಗೂ ಹೋಗಿ ಕಿವಿ ಊದಿದಳು. ತಪಾಸಣೆಯವನು ಬಂದ ದಿನ ಒಬ್ಬರ ಬಾವಿಯ ಮೇಲೆ ಹಲಗೆ, ಹಲಗೆಯ ಮೇಲೆ ಹೂಕುಂಡ; ಇನ್ನೊಬ್ಬರ ಬಾವಿಯ ಮೇಲೆ ಮುರುಕು ಮಂಚ. ಗಂಜಿಯಕ್ಕ ತಗಡು ಮುಚ್ಚಿ, ಅದರ ಮೇಲೆ ಒದ್ದೆ ಬಟ್ಟೆಯ ರಾಶಿ ಪೇರಿಸಿ, ಬಾವಿಯೂ ಇಲ್ಲ ಗೀವಿಯೂ ಇಲ್ಲ ಎಂದುಬಿಟ್ಟಳು. ಮತ್ತೆ ಇಷ್ಟು ಬಟ್ಟೆ ಎಲ್ಲಿ ಒಗೀತೀರಿ ಎಂದು ಆತ ಕೇಳಿದ. ನಲ್ಲೀಲಿ ಎಂದಳು. ನಲ್ಲಿಯಲ್ಲಿ ಆ ಹೊತ್ತಿಗೆ ತೊಟ್ಟು ನೀರಿರಲಿಲ್ಲ.

ಬೀದಿಯ ಮೊದಲ ಮನೆಯಲ್ಲಿದ್ದ ಓರಗಿತ್ತಿ, ಅಂದರೆ ಮೈದುನನ ಹೆಂಡತಿ, ಒಬ್ಬಳೇ ಈ ಮಾತಿಗೆ ಸೊಪ್ಪು ಹಾಕಲಿಲ್ಲ. ತನ್ನ ಪಾಡಿಗೆ ಹೋಗಿ ತನ್ನ ಬಾವಿಯನ್ನು ಬರೆಸಿ ಬಂದಳು. ಗಾಳಿಯಂತ್ರದವರು ಅವಳ ಕೈ ಬೆಚ್ಚಗೆ ಮಾಡಿದ್ದಾರೆ ಎಂದು ಗಂಜಿಯಕ್ಕ ಹಬ್ಬಿಸಿದಳು. ಬೀದಿಯವರು ಓರಗಿತ್ತಿಯ ಜೊತೆ ಮಾತು ಬಿಟ್ಟರು.

ಕಡೆಗೊಂದು ದಿನ ಪುರಸಭೆಯಲ್ಲಿ ಸಭೆ ಕರೆದರು. ಗೋಡೆಗೆ ದೊಡ್ಡ ನಕ್ಷೆ ಅಂಟಿಸಿತ್ತು. ಎಂಜಿನಿಯರ್ ಕೋಲು ಹಿಡಿದು ವಿವರಿಸಿದ: ಈ ಬೀದಿಯಲ್ಲಿರುವುದು ಒಂದೇ ಬಾವಿ, ಮೊದಲ ಮನೆಯದು. ನೀವು ಕೇಳಿದ ನಿಯಮದಂತೆ ಅದಕ್ಕೆ ಮುನ್ನೂರು ಮೀಟರ್ ಬಿಟ್ಟೇ ಯಂತ್ರ ನಿಲ್ಲುತ್ತದೆ. ಕೋಲಿನ ತುದಿ ಗಂಜಿಯಕ್ಕನ ಬೇಲಿಯಾಚೆಗೇ ನಿಂತಿತು.

ನಕ್ಷೆಯೇ ಸುಳ್ಳು, ಇದರಲ್ಲಿ ಯಾರದೋ ಕೈವಾಡವಿದೆ ಎಂದು ಗಂಜಿಯಕ್ಕ ಎದ್ದಳು.

"ಅಲ್ಲಿ ಬಾವಿ ಇದೆಯಾ ಅಮ್ಮಾ? ಇದ್ರೆ ಈಗ್ಲೇ ಹೇಳಿ. ಸಭೆ ಮುಗಿದ ಮೇಲೆ ನಕ್ಷೆ ಬದಲಾಗಲ್ಲ," ಎಂದ ಎಂಜಿನಿಯರ್.

ತಪಾಸಣೆಗೆ ಬಂದಿದ್ದವನು ಅಲ್ಲೇ ಕೂತು ಅವಳನ್ನೇ ನೋಡುತ್ತಿದ್ದ. ಹೂಕುಂಡದವರೂ ಮಂಚದವರೂ ನೆಲ ನೋಡುತ್ತಿದ್ದರು. ಇದೆ ಎಂದರೆ ಮಾನ ಹೋಗುತ್ತದೆ, ಇಲ್ಲವೆಂದರೆ ಬಾವಿಯೇ ಹೋಗುತ್ತದೆ. ತಿರುಗಿ ನೋಡಿದರೆ ಹಿಂದಿನ ಸಾಲಿನಲ್ಲಿ ಓರಗಿತ್ತಿ ಒಬ್ಬಳೇ ಕೂತಿದ್ದಾಳೆ. ಗಂಜಿಯಕ್ಕನಿಗೆ ಮೈಯೆಲ್ಲ ಉರಿಯಿತು.

"ಹೀಗಾಗತ್ತೆ ಅಂತ ನಿನಗೆ ಗೊತ್ತಿತ್ತು ಅಲ್ವಾ? ಒಂದು ಮಾತು ಹೇಳೋಕೆ ಏನಾಗಿತ್ತು?"

ಓರಗಿತ್ತಿ ಕೂತಲ್ಲಿಂದಲೇ ಮೆಲ್ಲಗೆ ಹೇಳಿದಳು. "ಎರಡು ಸಲ ಬಂದು ಬಾಗಿಲು ಬಡಿದೆ ಅಕ್ಕಾ. ನೀವು ಒಳಗೇ ಇದ್ರಿ. ಬಾಗಿಲ ಸಂದೀಲಿ ನಿಮ್ಮ ಪಾದ ಕಾಣಿಸ್ತಿತ್ತು."

ಗಂಜಿಯಕ್ಕ ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ನಿಂತದ್ದು ನಿಜ. ಇವಳು ಏನನ್ನೋ ಕಿತ್ತುಕೊಳ್ಳಲೇ ಬಂದಿದ್ದಾಳೆ ಎಂದುಕೊಂಡಿದ್ದಳೇ ಹೊರತು, ಏನೋ ಹೇಳಲು ಬಂದಿರಬಹುದು ಎಂದು ಹೊಳೆದೇ ಇರಲಿಲ್ಲ. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ಎಂಜಿನಿಯರನ ಕಡೆ ತಿರುಗಿದಳು.

"ಇದೆ ಸಾರ್," ಎಂದಳು. "ನಾನೇ ಮುಚ್ಚಿಟ್ಟಿದ್ದೆ."