ಭರಮಣ್ಣ ಹವಾಲ್ದಾರರ ಕಾಲ್ಗುಣ

ನಾನು ಯಾರನ್ನೂ ಸುಮ್ಮಸುಮ್ಮನೆ ಹೊಗಳುವವಳಲ್ಲ. ಇಪ್ಪತ್ತೆರಡು ವರ್ಷ ಯಳವಿಯ ಕನ್ನಡ ಶಾಲೆಯಲ್ಲಿ ಕಲಿಸಿದವಳಿಗೆ ಹೊಗಳಿಕೆ ಎಷ್ಟು ಮಂದಿಯನ್ನು ಕೆಡಿಸುತ್ತದೆ ಎಂಬುದು ಗೊತ್ತಿರುತ್ತದೆ. ಅದರಲ್ಲೂ ಬಿಳೂರಿನ ನಮ್ಮ ನೆರೆಮನೆಯ ಭರಮಣ್ಣ ಹವಾಲ್ದಾರರನ್ನು ನಾನು ಹೊಗಳುತ್ತೇನೆಂದು ಯಾರಾದರೂ ಹೇಳಿದ್ದರೆ ಅವರ ಬಾಯಿಗೆ ಸೀಮೆಸುಣ್ಣದ ಖಡು ತುರುಕುತ್ತಿದ್ದೆ.

ಭರಮಣ್ಣನವರು ಮಹಾರಾಷ್ಟ್ರದ ಗಡಿಯ ನಮ್ಮ ಜತ್ತದಲ್ಲಿ ಪೋಲೀಸರಾಗಿದ್ದರು. ಅಲ್ಲಿಗೆ ಬದಲಿಯಾಗಿ ಬರುವ ಸಾಹೇಬರು, ಶಿಪಾಯಿಗಳು ಹೆಚ್ಚಾಗಿ ಮರಾಠಿಯವರು. ಸುತ್ತಲಿನ ಊರುಗಳಲ್ಲಿ ಕನ್ನಡದ ಮನೆಗಳೇ ಬೇಕಾದಷ್ಟು. ಸಂತೆ, ಕಚೇರಿ, ಬಸ್ಸು ಎಲ್ಲವನ್ನೂ ನಾವು ಮರಾಠಿಯಲ್ಲಿ ನಿಭಾಯಿಸುತ್ತೇವೆ. ಆದರೆ ಮಗ ಸತ್ತ ಸುದ್ದಿಯನ್ನು ತಾಯಿಗೆ ಮರಾಠಿಯಲ್ಲಿ ಹೇಳಲಾದೀತೇ? ಹೀಗಾಗಿ ರಸ್ತೆಯಲ್ಲಿ ಕನ್ನಡದವರು ಯಾರಾದರೂ ಅಪಘಾತದಲ್ಲಿ ತೀರಿಕೊಂಡರೆ ಸಾಹೇಬರು ಕರೆಯುತ್ತಿದ್ದುದು ಭರಮಣ್ಣನವರನ್ನೇ. ಒಂದಲ್ಲ ಎರಡಲ್ಲ, ಹದಿನಾಲ್ಕು ವರ್ಷ ಅವರ ಗಾಡಿ ಯಾವ ಓಣಿಯಲ್ಲಿ ನಿಂತರೂ ಆ ಓಣಿಯಲ್ಲಿ ಯಾರದೋ ಮನೆ ಮುಳುಗಿತೆಂದೇ ಲೆಕ್ಕ.

ನಮ್ಮ ಕಡೆ ಸಾವನ್ನು ಯಾರೂ ನೇರವಾಗಿ ಹೇಳುವುದಿಲ್ಲ. “ಸ್ವಲ್ಪ ಪೆಟ್ಟಾಗೇದ, ಲಗೂನ ಬರ್ರಿ” ಎನ್ನುತ್ತಾರೆ. ದಾರಿಯಲ್ಲಿ “ಸೀರಿಯಸ್ ಅದಾನ” ಎನ್ನುತ್ತಾರೆ. ದವಾಖಾನೆಯ ಬಾಗಿಲು ಬಂದ ಮೇಲೆ ತಾವೇ ಅಳಲು ಶುರು ಮಾಡುತ್ತಾರೆ. ಭರಮಣ್ಣನವರಿಗೆ ಆ ನಯ ಇರಲಿಲ್ಲ. ಒಂಬತ್ತು ವರ್ಷಗಳ ಹಿಂದೆ ನನ್ನ ತಮ್ಮ ರಾಮಲಿಂಗ ಹೋದಾಗ ಅವರು ನಮ್ಮ ಹೊಸ್ತಿಲಾಚೆ ನಿಂತು ಹೇಳಿದ್ದು ಇಷ್ಟೇ: “ಮನ್ಯಾಗ ದೊಡ್ಡವರು ಯಾರ ಅದಾರ? ರಾಮಲಿಂಗ ಹೋಗ್ಯಾನ್ರಿ. ಟ್ರಕ್ ಬಡದದ. ಇಲ್ಲೊಂದು ಸಹಿ ಮಾಡ್ರಿ.” ತಮ್ಮ ಕಣ್ಣೆದುರೇ ಗೋಲಿ ಆಡಿ ಬೆಳೆದ ಹುಡುಗನ ಬಗ್ಗೆ ಆಡಿದ ಮಾತಿದು! ಹಾಲು ಮುಗಿದಿದೆ ಎಂದು ಹೇಳುವವರ ದನಿಯಲ್ಲಾದರೂ ಇದಕ್ಕಿಂತ ಮರುಕ ಇರುತ್ತದೆ. ಅಂದಿನಿಂದ ನಾನು ಅವರೊಡನೆ ಮಾತು ಬಿಟ್ಟೆ.

ನಿವೃತ್ತಿಯಾದ ವರ್ಷವೇ ಅವರ ಮಗಳ ಮದುವೆ ಗೊತ್ತಾಯಿತು. ಲಗ್ನಪತ್ರಿಕೆ ಕೊಡಲು ಯಳವಿಗೆ ಬಂದರು. ನಮ್ಮ ಶಾಲೆಯ ಹಿಂದಿನ ಓಣಿಯಲ್ಲಿ ಇಂದ್ರಾಬಾಯಿ ಎಂಬ ವಿಧವೆಯ ಮನೆ. ಅವಳ ಗಂಡ ಅಣ್ಣಾರಾಯರ ಸಾವಿನ ಸುದ್ದಿಯನ್ನೂ ಇವರೇ ತಂದಿದ್ದರು. ಇರುವ ಒಬ್ಬ ಮಗ ಗುರುಸಿದ್ದ ಟ್ರಕ್ ಡ್ರೈವರ್. ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದ ಇಂದ್ರಾಬಾಯಿ ತಲೆ ಎತ್ತಿ ನೋಡುತ್ತಾಳೆ, ಎದುರಿಗೆ ಭರಮಣ್ಣ! “ನನ್ನ ಗುರುಸಿದ್ದಾ” ಎಂದು ಚೀರಿ ಅಲ್ಲೇ ಬಿದ್ದಳು. ಓಣಿಗೆ ಓಣಿಯೇ ಎದೆ ಬಡಿದುಕೊಂಡು ಓಡಿ ಬಂತು. ಹವಾಲ್ದಾರರು ಅರಿಸಿನ ಹಚ್ಚಿದ ಪತ್ರಿಕೆಯನ್ನು ಎತ್ತಿ ತೋರಿಸುತ್ತ ನಿಂತಿದ್ದರು. ಮುದುಕಿಯ ಬಿ.ಪಿ. ಏರಿ, ಜತ್ತದ ಸರ್ಕಾರಿ ದವಾಖಾನೆಗೆ ಸೇರಿಸಬೇಕಾಯಿತು.

ಎರಡು ದಿನ ಭರಮಣ್ಣನವರು ಆ ದವಾಖಾನೆಯ ಹೊರಗಿನ ಬೆಂಚು ಬಿಟ್ಟು ಏಳಲಿಲ್ಲ. ಒಳಗೆ ಹೋದರೆ ಅವಳಿಗೆ ಮತ್ತೆ ಏರೀತೆಂಬ ಹೆದರಿಕೆ. ಹೆರಿಗೆ ವಾರ್ಡಿನ ಆಯಾ ಹಜರಾಬಿ ನೋಡುವಷ್ಟು ನೋಡಿ ಬಂದು ಕೇಳಿದಳು.

“ಏನ್ರಿ ಹವಾಲ್ದಾರ್ರ, ಬೆಂಚಿಗೆ ಪಹರೆ ಹಾಕ್ಯಾರೇನು?”

“ನನ್ನ ಮಾರಿ ನೋಡಿದ್ರ ಮಂದಿ ಜೀವಾ ಬಿಡ್ತಾರ, ಹಜರಾಬಿ. ಇನ್ನ ಎಲ್ಲಿಗೆ ಹೋಗ್ಲಿ?”

“ಮಾರಿ ಏನ ಮಾಡ್ತದ? ಅದು ತಂದದ್ದು ಅಂಥಾದ್ದು. ನನ್ನ ವಾರ್ಡಿನ್ಯಾಗ ದಿನಾ ಒಂದರ ಕೂಸು ಹುಟ್ತದ. ಅದನ್ನಷ್ಟು ಒಯ್ದು ಮುಟ್ಟಸ್ರಿ, ನೋಡೂಣು.”

ಹಾಗೆ ಶುರುವಾಯಿತು ಅವರ ಎರಡನೆಯ ನೌಕರಿ. ಈಗಿನ ಕಾಲದಲ್ಲಿ ಕೂಸು ಅಳುವ ಮೊದಲೇ ಫೋನು ಅಳುತ್ತದೆ, ನಿಜ. ಆದರೆ ಫೋನಿನಲ್ಲಿ ಸಕ್ಕರೆ ಬರುವುದಿಲ್ಲ. ಭರಮಣ್ಣನವರು ಒಂದು ಪುಡಿಕೆ ಸಕ್ಕರೆ ಕಟ್ಟಿಕೊಂಡು ಮೊದಲ ಸುದ್ದಿ ಒಯ್ದದ್ದು ಒಂದು ತೋಟದ ವಸ್ತಿಯ ಮನೆಗೆ. ಹೊಸ್ತಿಲಾಚೆ ನಿಂತರು. ಅಭ್ಯಾಸಬಲ ನೋಡಿ, ಬಾಯಿಂದ ಬಂದದ್ದು: “ಮನ್ಯಾಗ ದೊಡ್ಡವರು ಯಾರ ಅದಾರ?” ಅಜ್ಜಿ ಕುಸಿದು ಕುಳಿತಳು. ಇವರು ಗಾಬರಿಯಾಗಿ “ಧೈರ್ಯ ತಗೋರಿ, ಹೆಣ್ಣುಕೂಸು” ಎಂದುಬಿಟ್ಟರು. ಆ ಮನೆಯವರು ಮೊದಲು ಬೈದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು.

ಹಜರಾಬಿ ಕೇಳಿ ಹಣೆ ಬಡಿದುಕೊಂಡಳು. “ನೀವ್ ಮುಟ್ಟೂಕಿಂತ ಮೊದಲ ನಿಮ್ಮ ನಗು ಮುಟ್ಟಬೇಕ್ರಿ” ಎಂದಳು. ಮೂವತ್ತಮೂರು ವರ್ಷದ ನೌಕರಿಯಲ್ಲಿ ನಗದ ಮುಖ ಒಂದೇ ದಿನದಲ್ಲಿ ನಕ್ಕೀತೇ? ಕನ್ನಡಿಯ ಮುಂದೆ ಹಲ್ಲು ಕಿರಿಯುತ್ತ ನಿಂತ ಗಂಡನನ್ನು ಕಂಡು ಅವರ ಹೆಂಡತಿ ಶಾಂತಾದೇವಿ ದೇವರಿಗೆ ಕಾಯಿ ಹರಕೆ ಹೊತ್ತರು. ಕೊನೆಗೆ ಹವಾಲ್ದಾರರೇ ಒಂದು ದಾರಿ ಕಂಡುಕೊಂಡರು. ಓಣಿಯ ತುದಿಯಲ್ಲೇ ಗಾಡಿ ನಿಲ್ಲಿಸಿ, ಮುಖ ಕಾಣುವ ಮೊದಲೇ “ಸಕ್ಕರಿ ಬಂತರಿ, ಸಕ್ಕರಿ!” ಎಂದು ಕೂಗುತ್ತ ನಡೆಯುವುದು. ಪರೇಡಿನಲ್ಲಿ ಪಳಗಿದ ಗಂಟಲು, ಮೂರು ಓಣಿಗೆ ಕೇಳುತ್ತಿತ್ತು. ಮಕ್ಕಳು ಹಿಂದೆ ಓಡತೊಡಗಿದವು. ದವಾಖಾನೆಯಲ್ಲಿ ಮರಾಠಿ ಬಾರದ ಮುದುಕಿಯರಿಗೆ ಚೀಟಿ ಓದಿ ಹೇಳುವುದು, ಇಂಜೆಕ್ಷನ್ನಿಗೆ ಅಳುವವರೆದುರು ತಾವೇ ಅತ್ತಂತೆ ಮಾಡಿ ನಗಿಸುವುದು, ಇವೂ ಅಂಟಿಕೊಂಡವು. ನಾನು ಎಲ್ಲವನ್ನೂ ದೂರದಿಂದ ಕೇಳುತ್ತಿದ್ದೆ. ಮುಪ್ಪಿನಲ್ಲಿ ಬಂದ ಹುಚ್ಚು ಎಂದುಕೊಂಡೆ. ಆದರೂ ಒಳಗೊಳಗೆ ಬೆರಗಾಗುತ್ತಿತ್ತು.

ಇಂದ್ರಾಬಾಯಿ ಮಾತ್ರ ಕರಗಲಿಲ್ಲ. ಅವರ ಕೂಗು ಕೇಳಿದರೆ ಸಾಕು, ಬಾಗಿಲು ಹಾಕಿಕೊಳ್ಳುತ್ತಿದ್ದಳು. ಊರೆಲ್ಲ ಕರೆದು ಚಹಾ ಕೊಟ್ಟರೂ ಆ ಒಂದು ಬಾಗಿಲು ಅವರನ್ನು ಚುಚ್ಚುತ್ತಿತ್ತು.

ಹೋದ ಮಾಘದಲ್ಲಿ, ಒಂದು ಮಂಗಳವಾರ ಮಧ್ಯಾಹ್ನ, ಶಾಲೆಯಲ್ಲಿದ್ದಾಗ ನನ್ನ ಫೋನು ಹೊಡೆದುಕೊಂಡಿತು. ಒಂಬತ್ತು ವರ್ಷಗಳಲ್ಲಿ ಮೊದಲ ಸಲ ಭರಮಣ್ಣನವರು ನನಗೆ ಫೋನು ಮಾಡಿದ್ದರು.

“ಬಾಯಾರ, ಸಿಟ್ಟು ಆಮ್ಯಾಲ ಮಾಡ್ರಿ. ಗುರುಸಿದ್ದನ ಗಾಡಿ ಪಲ್ಟಿ ಆಗೇದ. ಹುಡುಗ ಅದಾನ. ಕಾಲ ಮುರದದ. ಇಲ್ಲೆ ಜತ್ತದ ದವಾಖಾನಿಗೆ ತಂದಿದ್ರು, ಈಗ ಮಿರಜದ ದೊಡ್ಡ ದವಾಖಾನಿಗೆ ಒಯ್ದಾರ, ನಾನ ಹತ್ತಿಸಿ ಕಳಿಸೀನಿ. ನೀವ ಹೋಗಿ ಅವರವ್ವಗ ಹೇಳ್ರಿ. ನಾ ಬಂದ್ರ ಆಕಿ ಉಳ್ಯಾಂಗಿಲ್ಲ.”

ನಾನು ಓಡಿದೆ. ಆದರೆ ಸುದ್ದಿ ನನಗಿಂತ ಮೊದಲೇ ಓಡಿ ಬಂದಿತ್ತು. ಯಾರೋ ಮುರಿದ ಟ್ರಕ್ಕಿನ ಫೋಟೋ ಮೊಬೈಲಿಗೆ ಕಳಿಸಿದ್ದರು. ಗುರುಸಿದ್ದನ ಫೋನು ಹತ್ತುತ್ತಿರಲಿಲ್ಲ. ಅದು ಅಪಘಾತದಲ್ಲೇ ಒಡೆದು ಹೋಗಿತ್ತು. ಇಂದ್ರಾಬಾಯಿ ಕೂದಲು ಬಿಚ್ಚಿಕೊಂಡು ನೆಲ ಬಡಿಯುತ್ತಿದ್ದಳು. “ಅವ್ವಾ, ಅದಾನ, ಕಾಲಿಗಷ್ಟ ಪೆಟ್ಟಾಗೇದ” ಎಂದೆ. ಅವಳು ನನ್ನತ್ತ ನೋಡಿದ ನೋಟ ಮರೆಯಲಾರೆ.

“ಎಲ್ಲಾರೂ ಹಿಂಗ ಹೇಳ್ತಾರವಾ. ನಿನ್ನ ತಮ್ಮ ಹೋದಾಗೂ ಹಿಂಗ ಹೇಳಿರಲಿಲ್ಲೇನು?”

ಹೌದು, ಹೇಳಿದ್ದರು. ನನ್ನ ಕಾಕಾ ಫೋನಿನಲ್ಲಿ ಎರಡು ತಾಸು “ಸ್ವಲ್ಪ ಪೆಟ್ಟಾಗೇದ” ಎನ್ನುತ್ತಲೇ ಇದ್ದರು. ನಾನು ಅಷ್ಟೂ ಹೊತ್ತು ತಮ್ಮನಿಗಾಗಿ ಗಂಜಿ ಕಾಸಿ ಡಬ್ಬಿಗೆ ತುಂಬಿಕೊಂಡು ಕೂತಿದ್ದೆ. ಭರಮಣ್ಣನವರು ಬಂದ ಮೇಲೆಯೇ ನನಗೆ ನಿಜ ಗೊತ್ತಾದದ್ದು. ಇಂದ್ರಾಬಾಯಿಯ ಉಸಿರು ಆಗಲೇ ಕಟ್ಟುತ್ತಿತ್ತು. ಭರಮಣ್ಣನವರಿಗೆ ಫೋನು ಹಚ್ಚಿ ಅವಳ ಕಿವಿಗೆ ಹಿಡಿದರೆ ತಳ್ಳಿಬಿಟ್ಟಳು. ನಾನು ಅಂಗಳಕ್ಕೆ ಬಂದು ಫೋನಿನಲ್ಲೇ ಕೂಗಿದೆ: “ಹವಾಲ್ದಾರ್ರ, ನೀವ ಬರ್ರಿ. ನಮ್ಮ ಮಾತ ಯಾರೂ ನಂಬವಲ್ಲರು. ಸುಳ್ಳ ಹೇಳದಾವ್ರು ನೀವೊಬ್ಬರ.”

ಇಪ್ಪತ್ತು ನಿಮಿಷಕ್ಕೆ ಬಂದರು. ಗಾಡಿ ಕಂಡದ್ದೇ ತಡ, ಓಣಿಯ ಅಳು ದುಪ್ಪಟ್ಟಾಯಿತು. ಅವರು ಹೊಸ್ತಿಲಲ್ಲಿ ಒಂದು ಕ್ಷಣ ತಡೆದರು. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದು, ಇಂದ್ರಾಬಾಯಿಯ ಎದುರು ನೆಲದ ಮೇಲೆಯೇ ಕುಳಿತರು.

“ಅವ್ವಾ, ನನ್ನ ಮಾರಿ ನೋಡ್ರಿ. ನಿಮ್ಮ ಮಾಲಕರು, ಅಣ್ಣಾರಾಯರು ಹೋದಾಗ ನಾ ಏನ ಹೇಳಿದ್ದೆ? ಸೀರಿಯಸ್ ಅದಾರ ಅಂದಿದ್ನೇನು?”

ಅವಳು ಇಲ್ಲವೆಂದು ತಲೆ ಆಡಿಸಿದಳು.

“ಹೋಗ್ಯಾರ ಅಂತ ಹೇಳಿದ್ದೆ. ಇವತ್ತೂ ಇದ್ದದ್ದನ್ನ ಹೇಳಾಕ ಬಂದೀನಿ. ಗುರುಸಿದ್ದ ಅದಾನ. ಎಡಗಾಲು ಎರಡ ಕಡೆ ಮುರದದ. ಆಪರೇಷನ್ ಮಾಡ್ತಾರ. ಕಣ್ಣ ಬಿಟ್ಟಾನ, ಮಾತಾಡ್ಯಾನ. ಗಾಡ್ಯಾಗ ಏರಸೂ ಮುಂದ ನನ್ನ ಕೈ ಹಿಡಕೊಂಡು ‘ಅವ್ವಗ ಹೇಳಬ್ಯಾಡ್ರಿ, ಬೈತಾಳ’ ಅಂದ.”

ಅಳು ನಿಂತಿತು. ಆ ಮಾತು ಅವಳ ಮಗನದೇ ಎಂದು ಅವಳಿಗೆ ಗುರುತು ಹತ್ತಿತು. ಇಂದ್ರಾಬಾಯಿ ಅವರ ಮುಖವನ್ನು ಬಹಳ ಹೊತ್ತು ನೋಡಿದಳು. ಆ ಮುಖದಲ್ಲಿ ನಗುವೇನೂ ಇರಲಿಲ್ಲ. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳುವುದೂ ಅವರಿಗೆ ನೆನಪಾಗಲಿಲ್ಲ. ನನಗೂ ಅಳು ತಡೆಯಲಿಲ್ಲ, ಮುಚ್ಚಿಡುವುದೇಕೆ?

ಮುದುಕಿ ಕೈಚಾಚಿ ಅವರ ಎರಡೂ ಕೈಗಳನ್ನು ಹಿಡಿದಳು.

“ಇನ್ನೊಮ್ಮೆ ಹೇಳ್ರಿ” ಎಂದಳು.

ಭರಮಣ್ಣನವರು ಮೊದಲಿನಿಂದ ಮತ್ತೆ ಹೇಳಿದರು.